ಮೂಗಿನ ಮೇಲಿನ ಕನ್ನಡಕ: ಒಂದೇ ಹಾಡಲ್ಲಿ ನಗು, ದುಃಖ

ನಗುವೂ ದುಃಖವೂ ಕೂಡಿದ ಹಾಡು ಬರೆಯುವಾಗ ನಾನು ಮೊದಲು ಹುಡುಕುವುದು ಒಂದು ವಸ್ತುವನ್ನು. ನಗು ಯಾವ ವಸ್ತುವಿನಿಂದ ಹುಟ್ಟಿತೋ ದುಃಖವೂ ಅದರಿಂದಲೇ ಬರಬೇಕು. ಪಲ್ಲವಿಗೆ ತಮಾಷೆ, ಚರಣಕ್ಕೆ ಕಣ್ಣೀರು ಎಂದು ಪಾಲು ಮಾಡಿದರೆ ಎರಡು ಹಾಡಿನ ತುಂಡುಗಳನ್ನು ಹೊಲಿದಂತೆ ಕೇಳುತ್ತದೆ.

ಉದಾಹರಣೆಗೆ, ವಯಸ್ಸಾದವನೊಬ್ಬನ ಮರೆವಿನ ಹಾಡಿಗೆ ಈ ಪಲ್ಲವಿ:

ಮನೆಯಿಡಿ ಹುಡುಕಿದೆ ಕನ್ನಡಕ
ಮೂಗಿನ ಮೇಲೆಯೆ ಕೂತಿತ್ತು
ತೋರಿಸಿ ನಗುವವಳೀಗಿಲ್ಲ
ಮನೆಯಿಡಿ ಹುಡುಕಿದೆ…

ನಾಲ್ಕು ಮಾತ್ರೆಯ ನಡೆ; ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ. ಪ್ರತಿ ಸಾಲಿಗೆ ತಾಳದಲ್ಲಿ 16 ಮಾತ್ರೆ ಜಾಗ. ಮೊದಲ ಮೂರು ಸಾಲುಗಳಲ್ಲಿ ಮಾತು 13, ಉಳಿದ 3 ಉಸಿರಿಗೆ. ಕೊನೆಯ ಸಾಲಿನಲ್ಲಿ ಮಾತು 8ಕ್ಕೇ ನಿಲ್ಲುತ್ತದೆ, ಮಿಕ್ಕ 8 ಖಾಲಿ. ಕನ್ನಡಕ ಸಿಕ್ಕಾಯಿತಲ್ಲ, ಈಗ ಹುಡುಕುತ್ತಿರುವುದು ಯಾರನ್ನು? ಆ ಖಾಲಿಯಲ್ಲಿ ಕೇಳುವವರಿಗೇ ಹೊಳೆಯುತ್ತದೆ. ಅಲ್ಲಿ ವಾದ್ಯ ತುಂಬಬೇಡಿ ಎಂದು ಸಂಗೀತ ಸಂಯೋಜಕರಿಗೆ ಮೊದಲೇ ಹೇಳಿಡುತ್ತೇನೆ.

ಕೈ ಜಾರುವುದು ಈ ನಾಲ್ಕನೆಯ ಸಾಲಿನಲ್ಲೇ. ‘ಒಂಟಿಯ ಬಾಳಲಿ ಕಣ್ಣೀರು’ ಎಂದು ಬರೆದರೂ ಲೆಕ್ಕ ಸರಿ, 13 ಮಾತ್ರೆ. ಆದರೆ ಹಾಡು ಅಲ್ಲೇ ಸತ್ತಿತು. ದುಃಖದ ಹೆಸರು ಹೇಳಿದ ಕೂಡಲೇ ಕೇಳುವವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ವಿರಹ, ವೇದನೆ, ಕಂಬನಿ ಇಂಥ ಪದಗಳನ್ನು ಮೊದಲ ಕರಡಿನಲ್ಲೇ ಹೊಡೆದುಹಾಕುತ್ತೇನೆ.

ಪ್ರಾಸದ ವಿಷಯ ಇನ್ನೂ ಸೂಕ್ಷ್ಮ. ಬಿಗಿಯಾದ ಅಂತ್ಯಪ್ರಾಸ ತಾನಾಗಿಯೇ ತುಟಿ ಅರಳಿಸುತ್ತದೆ, ಅದಕ್ಕೇ ಮಕ್ಕಳ ಪದ್ಯಗಳಲ್ಲಿ ಅದು ಅಷ್ಟು ಚೆಂದ. ದುಃಖ ಬರಬೇಕಾದ ಸಾಲಿನಲ್ಲಿ ಅದೇ ಪ್ರಾಸ ಬಂದರೆ ಅದೂ ತಮಾಷೆಯಾಗಿಯೇ ಕೇಳುತ್ತದೆ. ಮೇಲಿನ ಸಾಲುಗಳಲ್ಲಿ ಬೇಕೆಂದೇ ಪ್ರಾಸ ಇಟ್ಟಿಲ್ಲ. ಚರಣದಲ್ಲಿ ಮೊದಲ ಎರಡು ಸಾಲಿಗೆ ಪ್ರಾಸ ಕೊಟ್ಟು ಮೂರನೆಯದರಲ್ಲಿ ಮುರಿಯುತ್ತೇನೆ.

ಟ್ಯೂನ್ ಮೊದಲೇ ಬಂದಿದ್ದರೆ ‘ತನನ’ದಲ್ಲಿ ಗುನುಗಿ ಗುರು (ಎರಡು ಮಾತ್ರೆಯ ಅಕ್ಷರ), ಲಘು (ಒಂದು ಮಾತ್ರೆಯದು) ಗುರುತು ಹಾಕಿಕೊಂಡ ಮೇಲೆಯೇ ಪದ ಕೂರಿಸುವುದು. ಸ್ವರ ಎಳೆಯುವ ಜಾಗದಲ್ಲಿ ಹ್ರಸ್ವ ಇಟ್ಟರೆ ಕನ್ನಡದಲ್ಲಿ ಅರ್ಥವೇ ಬದಲಾಗಬಹುದು. ‘ಬಲ’ ಎಳೆದರೆ ‘ಬಾಲ’! ಹೃದಯ ಹಿಂಡಬೇಕಾದ ಕಡೆ ಸಭೆ ನಕ್ಕರೆ ಆಮೇಲೆ ಏನೂ ಮಾಡಲಾಗದು.

ಚರಣ ಎರಡು ಸಾಕು. ಮೊದಲನೆಯದರಲ್ಲಿ ಇನ್ನೊಂದು ಮರೆವು, ಒಂದೇ ಒಂದು. ಮೂರು ಮರೆವು ಪೋಣಿಸಿದರೆ ಮುದುಕ ಹಾಸ್ಯದ ಬೊಂಬೆಯಾಗಿಬಿಡುತ್ತಾನೆ, ಅವನ ಮೇಲಿನ ಅಕ್ಕರೆ ಹೋಗುತ್ತದೆ. ಎರಡನೆಯ ಚರಣದಲ್ಲಿ ಅವನು ಮರೆಯದ್ದೇನು ಎಂಬುದು ಬರಲಿ: ಅವಳು ಬಾಗಿಲ ಚಿಲಕ ಹಾಕುತ್ತಿದ್ದ ಸದ್ದು, ಅಂಥ ಸಣ್ಣದೇನಾದರೂ.

ಬರೆದ ಮೇಲೆ ರಾಗವಿಲ್ಲದೆ ಒಬ್ಬರಿಗೆ ಓದಿ ಹೇಳುತ್ತೇನೆ. ಎರಡನೆಯ ಸಾಲಿಗೆ ನಗಬೇಕು. ಮೂರನೆಯದಕ್ಕೂ ನಗು ಮುಂದುವರಿದರೆ ಎರಡನೆಯ ಸಾಲು ಅಗತ್ಯಕ್ಕಿಂತ ಚುರುಕಾಗಿದೆ ಎಂದರ್ಥ, ಅದನ್ನೇ ತಗ್ಗಿಸುತ್ತೇನೆ, ಮೂರನೆಯದನ್ನು ಮುಟ್ಟುವುದಿಲ್ಲ.

ಹಾಡುವವರಿಗೆ ಹೇಳುವುದು ಒಂದೇ ಮಾತು: ‘ತೋರಿಸಿ ನಗುವವಳೀಗಿಲ್ಲ’ ಎನ್ನುವಾಗ ದನಿ ನಡುಗಿಸಬೇಡಿ, ಕನ್ನಡಕದ ಸಾಲನ್ನು ಹಾಡಿದ ದನಿಯಲ್ಲೇ ಹಾಡಿ.