ಬೋಟು ಕೊಳ್ಳುವಾಗ ಮೊದಲು ಹಿಂಬದಿ ನೋಡಿ

ಮೇ ತಿಂಗಳಲ್ಲಿ ಶಿರಸಿಯಿಂದ ಅಕ್ಕನ ಮಕ್ಕಳು ಕಾರವಾರಕ್ಕೆ ಬಂದರೆ ನಮ್ಮನೆಯಲ್ಲಿ ಯಾರೂ ಮನೆಯೊಳಗೆ ಇರುವುದಿಲ್ಲ, ಎಲ್ಲರೂ ಕಾಳಿ ನದಿಯಲ್ಲೇ. ಅವರಿಗಾಗಿಯೇ ಒಂದು ಹಳೆಯ ಬೋಟು ತಗೊಂಡೆವು. ಎಂಜಿನ್ ಚೆನ್ನಾಗಿತ್ತು, ಸೀಟು ಚೆನ್ನಾಗಿತ್ತು. ಮೊದಲ ದಿನವೇ ಅಕ್ಕನ ಮಗಳು, ಒಂಬತ್ತು ವರ್ಷದವಳು, ಬೋಟಿನ ಹಿಂದೆ ಹಗ್ಗ ಕಟ್ಟಿ ಎಳೆಯುವ ಗಾಳಿ ಟ್ಯೂಬಿನಿಂದ ನೀರಿಗೆ ಬಿದ್ದಳು. ಅದೇನೂ ದೊಡ್ಡದಲ್ಲ, ಟ್ಯೂಬಿನಲ್ಲಿ ಬೀಳುವುದೇ ಮಜಾ ಅಲ್ವಾ? ಆದರೆ ವಾಪಸ್ ಹತ್ತಲು ಆಗಲಿಲ್ಲ. ಏಣಿಯ ಕೊನೆಯ ಮೆಟ್ಟಿಲು ನೀರಿನ ಮಟ್ಟಕ್ಕೇ ನಿಂತಿತ್ತು. ಲೈಫ್ ಜಾಕೆಟ್ ಅವಳನ್ನು ಮೇಲಕ್ಕೆ ತೇಲಿಸುತ್ತಿತ್ತು, ಕಾಲು ಮಾತ್ರ ಬೋಟಿನ ಅಡಿಗೆ ಜಾರುತ್ತಿತ್ತು, ಮೊಣಕಾಲು ಕಬ್ಬಿಣಕ್ಕೆ ಉಜ್ಜಿ ಕೆಂಪಾಯಿತು, ಇಳಿತದ ನೀರು ಬೇರೆ ನಮ್ಮನ್ನು ಅಳಿವೆ ಕಡೆ ಎಳೆಯುತ್ತಿತ್ತು. ಕೊನೆಗೆ ಭಾವ ನೀರಿಗಿಳಿದು ಕೆಳಗಿನಿಂದ ಎತ್ತಿ ಕೊಟ್ಟರು.

ಅದಕ್ಕೇ ಹೇಳುತ್ತಿರುವುದು, ಮಕ್ಕಳಿಗೆ ಬೋಟು ನೋಡುವವರು ಎಂಜಿನ್ನಿನ ಕುದುರೆಶಕ್ತಿ ಕೇಳುವ ಮೊದಲು ಹಿಂಬದಿ ನೋಡಿ. ಏಣಿ ಬಿಚ್ಚಿದಾಗ ಕನಿಷ್ಠ 2 ಮೆಟ್ಟಿಲು ನೀರಿನೊಳಗೆ ಇರಬೇಕು, 3 ಇದ್ದರೆ ಇನ್ನೂ ಒಳ್ಳೆಯದು. ಮೆಟ್ಟಿಲು ಅಗಲವಾಗಿರಲಿ, ತೆಳು ಪೈಪಾದರೆ ಬರಿಗಾಲಿಗೆ ಒತ್ತುತ್ತದೆ. ಮೇಲೆ ಹಿಡಿಯಲು ಗಟ್ಟಿ ಹಿಡಿಕೆ ಬೇಕು, ಹತ್ತಿದ ಮೇಲೆ ಕೂರಲು ನೀರಿಗೆ ಹತ್ತಿರವಾಗಿ ಒಂದು ಚಿಕ್ಕ ಕಟ್ಟೆ ಬೇಕು. ಏಣಿ ಪ್ರೊಪೆಲ್ಲರ್ ಪಕ್ಕದಲ್ಲೇ ಇರುವುದು ಜಾಸ್ತಿ, ಹಾಗಾಗಿ ಯಾರಾದರೂ ಬೋಟಿನ ಹತ್ತಿರ ಈಜಿ ಬರುವಾಗ ನ್ಯೂಟ್ರಲ್ ಸಾಲದು, ಎಂಜಿನ್ ಪೂರ್ತಿ ಬಂದ್ ಮಾಡಲೇಬೇಕು.

ಎಂಜಿನ್ ವಿಷಯಕ್ಕೆ ಬಂದರೆ, ನಮ್ಮ ನೀರಿಗೆ ಬೋಟಿನ ಹಿಂದೆ ಹೊರಗಡೆ ತೂಗುವ ಫೋರ್ ಸ್ಟ್ರೋಕ್ ಔಟ್‌ಬೋರ್ಡೇ ಸರಿ. ಕಾಳಿಯಾಗಲಿ, ಅಘನಾಶಿನಿಯಾಗಲಿ, ಹೊನ್ನಾವರದ ಶರಾವತಿಯಾಗಲಿ, ಅಳಿವೆಯ ಮರಳು ದಿಬ್ಬ ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತದೆ. ಔಟ್‌ಬೋರ್ಡಾದರೆ ಮೇಲಕ್ಕೆ ಎತ್ತಿಕೊಂಡು ದಾಟಬಹುದು. ಒಳಗೆ ಕೂರುವ ಇನ್‌ಬೋರ್ಡ್ ಎಂಜಿನ್ನಿನ ಬೋಟಿನಲ್ಲಿ ಪ್ರೊಪೆಲ್ಲರ್ ಅಡಿಯಲ್ಲಿರುತ್ತದೆ, ಹಿಂದೆ ಆಡುವ ಮಕ್ಕಳಿಗೆ ಅದು ಹೆಚ್ಚು ಸುರಕ್ಷಿತ ನಿಜ, ಹಗ್ಗ ಹಿಡಿದು ಹಲಗೆ ಮೇಲೆ ನಿಂತು ಜಾರುವ ವೇಕ್‌ಬೋರ್ಡಿಗೆ ಅಲೆಯೂ ಚೆನ್ನಾಗಿ ಏಳುತ್ತದೆ, ಆದರೆ ಮರಳು ತಾಗಿದರೆ ಪ್ರೊಪೆಲ್ಲರ್, ಶಾಫ್ಟ್ ಎರಡೂ ಕೆಡುತ್ತವೆ. ಒಂದು ಮಾತು ನೆನಪಿರಲಿ: ಬೋಟಿಗೆ ಅಂಟಿಕೊಂಡೇ ಅಲೆ ಮೇಲೆ ನಿಲ್ಲುವ ವೇಕ್‌ಸರ್ಫಿಂಗನ್ನು ಔಟ್‌ಬೋರ್ಡ್ ಹಿಂದೆ ಯಾವತ್ತೂ ಮಾಡಬೇಡಿ.

17ರಿಂದ 19 ಅಡಿ ಉದ್ದ, 90ರಿಂದ 115 ಕುದುರೆಶಕ್ತಿ, ಇಷ್ಟು ಒಂದು ಕುಟುಂಬಕ್ಕೆ ಸಾಕು. ಚಿಕ್ಕ ಮಕ್ಕಳ ಟ್ಯೂಬಿಗೆ ಗಂಟೆಗೆ 15–20 ಕಿಲೋಮೀಟರ್ ವೇಗವೇ ಜಾಸ್ತಿ, ವೇಕ್‌ಬೋರ್ಡಿಗೆ 30ರ ಆಸುಪಾಸು. ಸುಮ್ನೆ 200 ಕುದುರೆಶಕ್ತಿ ಹಾಕಿಸಿ ಪೆಟ್ರೋಲ್ ಸುಡಬೇಡಿ. ಎಂಟು ಜನರ ಬೋಟು ಎಂದು ಬರೆದಿದ್ದರೆ ಆರು ಜನ ಹತ್ತಿ. ಒಬ್ಬರು ಓಡಿಸುವವರು, ಇನ್ನೊಬ್ಬ ದೊಡ್ಡವರು ಹಿಂದೆ ತಿರುಗಿ ಮಗುವನ್ನೇ ನೋಡುತ್ತಿರಬೇಕು, ಬಿದ್ದ ಮಗುವಿಗೂ ಒಂದು ಜಾಗ ಖಾಲಿ ಇರಬೇಕು.

ಅಡಿಭಾಗದ ಆಕಾರವೂ ಮುಖ್ಯ. ಚೂಪಾದ ವಿ ಆಕಾರದ ಅಡಿ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಆದರೆ ನಿಂತಾಗ ತೊನೆಯುತ್ತದೆ. ಚಪ್ಪಟೆ ಅಡಿ ನಿಂತಾಗ ಗಟ್ಟಿ, ಮಧ್ಯಾಹ್ನದ ಪಡುಗಾಳಿ ಎದ್ದರೆ ದಬದಬ ಬಡಿಯುತ್ತದೆ. ನದಿಯೊಳಗೇ ಆಡುವುದಾದರೆ ಎರಡರ ನಡುವಿನದು ಸಾಕು.

ಹಳೆಯ ಬೋಟಾದರೆ ಎಂಜಿನ್ ಕೂತಿರುವ ಹಿಂಬದಿ ಹಲಗೆಯನ್ನು ಸುತ್ತಿಗೆ ಹಿಡಿಯಿಂದ ತಟ್ಟಿ. ಟಣ್ ಅನ್ನಬೇಕು. ಮಂಕಾಗಿ ದಬ್ ಅಂದರೆ ಒಳಗಿನ ಮರ ನೀರು ಕುಡಿದಿರಬಹುದು. ಎಂಜಿನ್ನಿನ ಕೆಳಭಾಗದ ಗೇರ್ ಆಯಿಲ್ ಸ್ವಲ್ಪ ಬಿಚ್ಚಿಸಿ ನೋಡಿ, ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ನುಗ್ಗಿದೆ ಎಂದರ್ಥ. ಉಪ್ಪುನೀರಿನಿಂದ ಬಂದಾಗಲೆಲ್ಲ ಸಿಹಿನೀರು ಬಿಟ್ಟು ಹತ್ತು ನಿಮಿಷ ಎಂಜಿನ್ ತೊಳೆಯಬೇಕು, ಟ್ರೇಲರಿನ ಚಕ್ರವನ್ನೂ. ಮನೆ ಹತ್ತಿರ ನಲ್ಲಿ, ಜಾಗ ಎರಡೂ ಇಲ್ಲದಿದ್ದರೆ ಇದು ಬಹಳ ಕಷ್ಟ.

ಮಗುವಿಗೆ ಲೈಫ್ ಜಾಕೆಟ್ ಹಾಕಿ ಜಾಕೆಟಿನ ಭುಜ ಹಿಡಿದು ಎತ್ತಿ ನೋಡಿ, ಅದು ಕಿವಿವರೆಗೆ ಬಂದರೆ ಅದು ದೊಡ್ಡದು. ಚಿಕ್ಕವರಿಗೆ ತೊಡೆ ಸಂದಿಯ ಪಟ್ಟಿ ಇರುವುದೇ ಬೇಕು. ಓಡಿಸುವವರ ಕೈಗೋ ಕಾಲಿಗೋ, ಅವರು ಬಿದ್ದರೆ ಎಂಜಿನ್ ತಾನೇ ಬಂದ್ ಆಗುವ ದಾರ ಕಟ್ಟಿರಲಿ.

ಯಾಂತ್ರಿಕ ಬೋಟಿಗೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ ಇದೆ, ಹಣ ಕೊಡುವ ಮೊದಲೇ ಬಂದರು ಇಲಾಖೆಯಲ್ಲಿ ವಿಚಾರಿಸಿ. ನೌಕಾನೆಲೆ ಕಡೆ ಹೋಗಬೇಡಿ. ಬಲೆ ಬಿಟ್ಟಿರುವ ಜಾಗ, ಇಳಿತದಲ್ಲಿ ಸೊಂಟದಷ್ಟು ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು, ಇವರಿಂದ ದೂರವೇ ತಿರುಗಿಸಿ, ಆ ನೀರು ಅವರ ಅನ್ನ. ಕರಾವಳಿ ಕಾವಲು ಪಡೆಯ 1554 ಫೋನಿನಲ್ಲಿ ಇರಲಿ.

ಬೋಟು ನೋಡಲು ಹೋಗುವ ದಿನ ಮನೆಯ ಎಲ್ಲರನ್ನೂ ಕರೆದುಕೊಂಡು ಹೋಗಿ. ಎಲ್ಲರೂ ಕೂತ ಮೇಲೆ ವೇಗ ಹೆಚ್ಚಿಸಿದಾಗ ಬೋಟು ಮೇಲೆದ್ದ ಮೂತಿಯನ್ನು ಬೇಗ ಇಳಿಸಿ ಸಮವಾಗಿ ಓಡುತ್ತದಾ ನೋಡಿ. ಆಮೇಲೆ ಎಂಜಿನ್ ಬಂದ್ ಮಾಡಿ, ಈಜು ಬರುವ ಮಕ್ಕಳಲ್ಲೇ ಚಿಕ್ಕವರಿಗೆ ಜಾಕೆಟ್ ಹಾಕಿ, ನೀವೂ ಜೊತೆಗೆ ನೀರಿಗಿಳಿದು, ತಾನೇ ಹತ್ತಲು ಬಿಡಿ. ಆಗದಿದ್ದರೆ ಏಣಿ ಬದಲಿಸಲು ಬರುತ್ತದಾ ಕೇಳಿ, ಅದೂ ಆಗದು ಅಂದರೆ ಬೇರೆ ಬೋಟು ನೋಡಿ.