ಐದೂಕಾಲು ಗಂಟೆಯ ಗಾಲ್ಫ್ ರೌಂಡು ನಾಲ್ಕೂಕಾಲಕ್ಕೆ ಇಳಿದದ್ದು

ಎಂಟು ತಿಂಗಳಿಂದ ನಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಭಾನುವಾರದ ಕೊನೆಯ ಫೋರ್‌ಬಾಲ್ (ನಾಲ್ಕು ಜನರ ಗುಂಪು) ಹನ್ನೆರಡೂಕಾಲಕ್ಕೆಲ್ಲ ಆಟ ಮುಗಿಸಿ ಬರುತ್ತಿದೆ. ಮೊದಲು ಮಧ್ಯಾಹ್ನ ಎರಡು ಗಂಟೆ ದಾಟುತ್ತಿತ್ತು. ಬೆಂಗಳೂರಿನ ಸುತ್ತಮುತ್ತ ಆಡುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಆಟ ಮುಗಿಸಿ ಮನೆ ಸೇರುವಾಗ ಮೂರೂವರೆ. ಭಾನುವಾರ ಪೂರ್ತಿ ಹೋಯಿತು. ಹೆಂಡತಿ ಮಕ್ಕಳ ಮುಖ ನೋಡಲು ಉಳಿದದ್ದು ಸಂಜೆ ಮಾತ್ರ.

ಟೀ ಶೀಟ್, ಅಂದರೆ ಯಾವ ಗುಂಪು ಎಷ್ಟು ಹೊತ್ತಿಗೆ ಆಟ ಶುರು ಮಾಡಬೇಕು ಅನ್ನುವ ಪಟ್ಟಿ, ಮಾಡುವ ಕೆಲಸ ನನ್ನ ಕೈಗೆ ಬಂದು ಮೂರು ವರ್ಷ ಆಗುತ್ತಾ ಬಂತು. ಸಂಬಳ ಇಲ್ಲದ ಕೆಲಸ. ಬೈಗುಳ ಮಾತ್ರ ಜಾಸ್ತಿ. ನಾನು ಈ ಬದಲಾವಣೆ ಹೇಳಿದಾಗ ಕಮಿಟಿಯಲ್ಲಿ ಒಂಬತ್ತು ಜನರಲ್ಲಿ ಏಳು ಜನ ಬೇಡ ಅಂದರು. ಇವತ್ತು ಅದೇ ಏಳು ಜನ ಬೇರೆ ಕ್ಲಬ್ಬಿನವರಿಗೆ ನಮ್ಮ ಟೀ ಶೀಟ್ ತೋರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ.

ಎಲ್ಲರ ಹಾಗೆ ನಾನೂ ಮೊದಲು ನಿಧಾನ ಆಡುವವರನ್ನು ಹುಡುಕಿ ಹೊರಟೆ. ಪ್ರತಿ ಕ್ಲಬ್ಬಿನಲ್ಲೂ ಇರುತ್ತಾರಲ್ವಾ, ನಾಲ್ಕು ಸಲ ಪ್ರಾಕ್ಟೀಸ್ ಸ್ವಿಂಗ್ ಮಾಡುವವರು, ಎರಡಡಿ ಪಟ್‌ಗೆ (ಗುಳಿಗೆ ಚೆಂಡು ಉರುಳಿಸುವ ಹೊಡೆತಕ್ಕೆ) ಆ ಕಡೆ ಈ ಕಡೆ ಕೂತು ನೋಡುವವರು. ಇಬ್ಬರು ಮಾರ್ಷಲ್‌ಗಳನ್ನು ಹಾಕಿದೆ. ದಿನಕ್ಕೆ ಎಂಟುನೂರು ರೂಪಾಯಿ, ವಾರಾಂತ್ಯ ಮಾತ್ರ. ನಾಲ್ಕು ತಿಂಗಳಿಗೆ ಐವತ್ತು ಸಾವಿರದ ಹತ್ತಿರ ಖರ್ಚಾಯಿತು. ಪಾಪ, ಇಪ್ಪತ್ತೈದು ವರ್ಷದ ಹುಡುಗರು. ರಿಟೈರ್ಡ್ ಸಾಹೇಬರ ಹತ್ತಿರ ಹೋಗಿ 'ಸಾರ್, ಸ್ವಲ್ಪ ಬೇಗ' ಅನ್ನಬೇಕು. ಮೊದಲ ವಾರ ಅಂದರು. ಎರಡನೇ ವಾರದಿಂದ ಮರದ ಕೆಳಗೆ ಬಗ್ಗಿ ನಿಂತು ಕೈ ಮಾತ್ರ ಬೀಸುತ್ತಿದ್ದರು. ಸಮಯ ಹತ್ತು ನಿಮಿಷವೂ ಇಳಿಯಲಿಲ್ಲ.

ಆಮೇಲೆ ಆರು, ಒಂಬತ್ತು, ಹದಿಮೂರನೇ ಟೀಗಳಲ್ಲಿ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ದೊಡ್ಡ ಗಡಿಯಾರ ಹಾಕಿಸಿದೆ. ಕಂಬ, ತಗಡಿನ ಪೆಟ್ಟಿಗೆ ಎಲ್ಲ ಸೇರಿ ಹದಿನೆಂಟು ಸಾವಿರ. ಮುಂಗಾರಿನ ಮೊದಲ ಮಳೆಗೆ ಎರಡರೊಳಗೆ ನೀರು ಹೋಯಿತು. ಮೂರನೆಯದು ಇಪ್ಪತ್ತು ನಿಮಿಷ ಹಿಂದೆ ನಡೆಯುತ್ತಿತ್ತು, ಅದನ್ನು ನೋಡಿ ಜನ 'ನಾವು ಸರಿಯಾಗೇ ಇದೀವಲ್ಲ' ಅನ್ನುತ್ತಿದ್ದರು. ವಾಟ್ಸಾಪ್ ಗುಂಪಿನಲ್ಲಿ ತಡ ಮಾಡಿದವರ ಹೆಸರು ಹಾಕಿ ನೋಡಿದೆ. ಎರಡೇ ವಾರ. ಇಬ್ಬರು ಗುಂಪು ಬಿಟ್ಟರು, ಒಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಆ ಕೆಲಸ ಮಾಡಬಾರದಿತ್ತು. ನೀವೂ ಮಾಡಬೇಡಿ.

ಕೊನೆಗೆ ದಂಡ. ಸುಮ್ಮನೆ ತಡ ಮಾಡಬಾರದು ಅನ್ನುವ ಗಾಲ್ಫ್ ನಿಯಮ 5.6 ಇದೆ. ಮೊದಲ ಸಲ ಒಂದು ಸ್ಟ್ರೋಕ್ (ಸ್ಕೋರಿಗೆ ಒಂದು ಹೊಡೆತ ಜಾಸ್ತಿ), ಎರಡನೇ ಸಲ ಎರಡು, ಮೂರನೇ ಸಲ ಆಟದಿಂದಲೇ ಹೊರಗೆ. '2013ರ ಮಾಸ್ಟರ್ಸ್ ಟೂರ್ನಮೆಂಟಿನಲ್ಲಿ ನಿಧಾನ ಆಡಿದ್ದಕ್ಕೆ ಹದಿನಾಲ್ಕು ವರ್ಷದ ಚೀನಾದ ಹುಡುಗ ಗುವಾನ್ ಟಿಯಾನ್‌ಲಾಂಗ್‌ಗೇ ಒಂದು ಸ್ಟ್ರೋಕ್ ಹಾಕಿದ್ರು, ನಮ್ಮವರಿಗೆ ಯಾಕೆ ಹಾಕಬಾರದು?' ಅಂತ ಕಮಿಟಿಯಲ್ಲಿ ಒಬ್ಬರು ಮೇಜು ಕುಟ್ಟಿದರು. ಸರಿ ಅಂತ, ಪ್ರತಿ ಹೊಡೆತ ಎಣಿಸುವ ತಿಂಗಳ ಸ್ಪರ್ಧೆ ಮಂತ್ಲಿ ಮೆಡಲ್‌ನಲ್ಲಿ ಒಂದು ಫೋರ್‌ಬಾಲ್‌ಗೆ ದಂಡ ಹಾಕಿದೆ. ಅವರು ಅಪೀಲು ಹೋದರು. 'ನಾಲ್ಕನೇ ಟೀಯಲ್ಲಿ ನಾವು ಮೂವತ್ತೈದು ನಿಮಿಷ ನಿಂತಿದ್ವಿ. ಬೇಗ ಆಡಿ ಎಲ್ಲಿಗೆ ಹೋಗಬೇಕಿತ್ತು?' ಅಂದರು. ಅವರ ಬ್ಯಾಗ್ ಹೊರುವ ನಾಲ್ಕು ಕ್ಯಾಡಿಗಳೂ ಅದನ್ನೇ ಹೇಳಿದರು. ದಂಡ ವಾಪಸ್ ತಗೊಂಡೆ.

ಆ ಮೂವತ್ತೈದು ನಿಮಿಷ ನನ್ನ ತಲೆಯಲ್ಲೇ ಕೂತುಬಿಟ್ಟಿತು. ಮುಂದಿನ ಭಾನುವಾರ ನಾನು ಆಡಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ, ಒಂದು ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾಲ್ಕನೇ ಟೀ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ. ಅದು ನೂರಾ ಅರವತ್ತೈದು ಗಜದ ಪಾರ್-3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಎಡಕ್ಕೆ ಆಳದ ಬಂಕರ್, ಮರಳಿನ ಗುಂಡಿ. ಪ್ರತಿ ಗುಂಪಿನ ಮೊದಲ ಚೆಂಡು ಹೊರಟಾಗ ಒಂದು ಗುರುತು, ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಖಾಲಿಯಾದಾಗ ಇನ್ನೊಂದು. ಇಪ್ಪತ್ತೆರಡು ಗುಂಪು ಬರೆದುಕೊಂಡೆ. ಬೇಗ ಆಡುವವರಿಗೆ ಒಂಬತ್ತೂವರೆ ನಿಮಿಷ, ನಿಧಾನದವರಿಗೆ ಹದಿಮೂರು. ಒಟ್ಟಾರೆ ಹನ್ನೊಂದು ಅನ್ನಿ.

ನಾವು ಟೀ ಆಫ್ ಬಿಡುತ್ತಿದ್ದದ್ದು ಏಳು ನಿಮಿಷಕ್ಕೊಂದು ಗುಂಪು.

ಲೆಕ್ಕ ಅಲ್ಲೇ ಇತ್ತು. ಏಳು ನಿಮಿಷಕ್ಕೊಂದು ಗುಂಪು ಬರುತ್ತೆ, ಹನ್ನೊಂದು ನಿಮಿಷಕ್ಕೊಂದು ಹೋಗುತ್ತೆ. ಪ್ರತಿ ಗುಂಪಿಗೂ ಹಿಂದಿನದಕ್ಕಿಂತ ನಾಲ್ಕು ನಿಮಿಷ ಜಾಸ್ತಿ ಕಾಯಬೇಕು. ಹತ್ತನೇ ಗುಂಪಿಗೆ ಅರ್ಧ ಗಂಟೆ ದಾಟಿತು, ಇಪ್ಪತ್ತೆರಡನೇ ಗುಂಪಿಗೆ ಒಂದು ಗಂಟೆಗೂ ಮೇಲೆ. ಯಾರೂ ನಿಧಾನ ಆಡದಿದ್ದರೂ ಹೀಗೇ ಆಗುತ್ತೆ. ನಾಲ್ಕು ತಿಂಗಳು ಮಾರ್ಷಲ್ ಇಟ್ಟು ಜನರನ್ನು ಬೈಸಿದ್ದು ಸುಮ್ನೆ.

ನನ್ನ ಪಕ್ಕ ನಿಂತಿದ್ದ ಹಿರಿಯ ಕ್ಯಾಡಿಯೊಬ್ಬರಿಗೆ ನೋಟ್‌ಬುಕ್ ತೋರಿಸಿದೆ. ಮೂವತ್ತು ವರ್ಷದಿಂದ ಬ್ಯಾಗ್ ಹೊರುತ್ತಿರುವವರು. ಅವರು ಹೇಳಿದ್ದು ಬೇರೆಯೇ ಲೆಕ್ಕ. 'ಸಾರ್, ಮೊದಲೆಲ್ಲ ಭಾನುವಾರ ಎರಡು ರೌಂಡ್ ಹೊಡೀತಿದ್ದೆ. ಬೆಳಿಗ್ಗೆ ಒಂದು, ಹನ್ನೆರಡು ಗಂಟೆ ಮೇಲೆ ಒಂದು. ಈಗ ಒಂದೇ ಆಗೋದು. ಅರ್ಧ ಕೂಲಿ ಹೋಯ್ತು.' ಕ್ಯಾಡಿಗಳಿಗೆ ಇದು ಹೊಟ್ಟೆಪಾಡಿನ ವಿಷಯ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಅದಕ್ಕೆ ಬಹಳ ಬೇಸರ ಆಯಿತು.

ಅಂತರವನ್ನು ಹತ್ತು ನಿಮಿಷ ಮಾಡೋಣ ಅಂದೆ. ಕಮಿಟಿಯವರು ಎಗರಿಬಿದ್ದರು. ಅದೇ ಹೊತ್ತಿನಲ್ಲಿ ಗುಂಪು ಇಪ್ಪತ್ತೆರಡರಿಂದ ಹದಿನಾರಕ್ಕೆ ಇಳಿಯುತ್ತೆ, ಇಪ್ಪತ್ತನಾಲ್ಕು ಮೆಂಬರ್‌ಗಳಿಗೆ ಟೀ ಸಿಗೋದಿಲ್ಲ. ಅವರ ಮಾತೂ ತಪ್ಪಲ್ಲ. ಅದಕ್ಕೆ ನಾನು ಹಿಡಿದ ದಾರಿ: ಹದಿನೆಂಟು ಹೋಲಿನಲ್ಲಿ ಒಂದನೇ ಮತ್ತು ಹತ್ತನೇ ಟೀ ಎರಡರಿಂದಲೂ ಬಿಡುವುದು. ಟೂರ್ನಮೆಂಟಿಗೆ ಎಲ್ಲರೂ ಮಾಡುವುದೇ. ವಾರವಾರ ಮಾಡಿದರೆ ಅಡ್ಡ ಸಿಕ್ಕಿಕೊಳ್ಳುತ್ತೆ ಅಂತ ಎಲ್ಲರೂ ಮೂಗು ಮುರಿದರು.

ಮೊದಲ ಸಲ ನಿಜಕ್ಕೂ ಸಿಕ್ಕಿಕೊಂಡಿತು. ಆಸೆ ಜಾಸ್ತಿಯಾಗಿ 6:15ರಿಂದ 8:25ರವರೆಗೆ ಎರಡೂ ಕಡೆಯಿಂದ ಬಿಟ್ಟೆ. ಇಪ್ಪತ್ತೆಂಟು ಗುಂಪು. ದಾರಿ ತೆರೆಯಲಿ ಅಂತ ಅತಿ ಬೇಗ ಆಡುವ ಗುಂಪನ್ನು ಮೊದಲು ಹಾಕಿದ್ದೆ. ಅವರು ಒಂಬತ್ತು ಹೋಲನ್ನು ಒಂದು ಗಂಟೆ ಐವತ್ತು ನಿಮಿಷಕ್ಕೆ ಮುಗಿಸಿ 8:05ಕ್ಕೆ ಹತ್ತನೇ ಟೀಗೆ ಬಂದು ನಿಂತರು. ಅಲ್ಲಿ ಇನ್ನೂ ಹೊಸ ಗುಂಪುಗಳು ಹೊರಡುತ್ತಿವೆ! ಅವರು ನಿಂತರು, ಅವರ ಹಿಂದೆ ಬಂದವರೂ ನಿಂತರು. ಆವತ್ತು ಐದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಕ್ಲಬ್ಬಿನಲ್ಲಿ ಅದಕ್ಕಿಂತ ಕೆಟ್ಟ ಭಾನುವಾರ ನನಗೆ ನೆನಪಿಲ್ಲ. ಸಂಜೆ ಫೋನಿನ ಮೇಲೆ ಫೋನು.

ನಾನು ಪಟ್ಟು ಬಿಡಲಿಲ್ಲ. ಎರಡು ವಾರ ಟೈಮ್ ಕೊಡಿ ಅಂದೆ. ಕೊನೆಯ ಟೀಯನ್ನು 7:55ಕ್ಕೆ ನಿಲ್ಲಿಸಿದೆ. 6:15ರಿಂದ 7:55ರವರೆಗೆ ಹತ್ತು ನಿಮಿಷಕ್ಕೊಂದು ಅಂದರೆ ಒಂದು ಕಡೆಗೆ ಹನ್ನೊಂದು, ಎರಡೂ ಕಡೆ ಸೇರಿ ಇಪ್ಪತ್ತೆರಡು. ಮೊದಲಿದ್ದಷ್ಟೇ ಗುಂಪು! ಒಬ್ಬ ಮೆಂಬರಿಗೂ ಟೀ ತಪ್ಪಲಿಲ್ಲ. ಮೊದಲ ಗುಂಪು ಅರ್ಧ ಮುಗಿಸಿ ಬರುವಷ್ಟರಲ್ಲಿ ಎದುರಿನ ಟೀ ಖಾಲಿ ಇರುತ್ತೆ. ಡಿಸೆಂಬರ್-ಜನವರಿಯಲ್ಲಿ ಬೆಳಕು ತಡ, ಆಗ ಇಡೀ ಶೀಟನ್ನು ಕಾಲು ಗಂಟೆ ಮುಂದೆ ತಳ್ಳುತ್ತೇನೆ.

ಇನ್ನು ಪಾರ್-3. ಹತ್ತು ನಿಮಿಷಕ್ಕೊಂದು ಗುಂಪು ಬಿಟ್ಟರೂ ಹನ್ನೊಂದು ನಿಮಿಷ ಹಿಡಿಯುವ ಹೋಲ್ ತುಂಬಿಕೊಳ್ಳುತ್ತೆ. ಅಲ್ಲಿ ಕಾಲ್-ಅಪ್ ಕಡ್ಡಾಯ ಮಾಡಿದೆ. ಗ್ರೀನ್ ಮೇಲಿರುವವರು ಚೆಂಡು ಗುರುತು ಹಾಕಿ ಪಕ್ಕಕ್ಕೆ ಸರಿದು ಕೈ ಎತ್ತಬೇಕು. ಹಿಂದಿನವರು ಟೀ ಹೊಡೆದು ನಡೆದು ಬರುವಾಗ ಇವರು ಪಟ್ ಮಾಡಿ ಮುಗಿಸುತ್ತಾರೆ. ನಡೆಯುವ ಎರಡು ನಿಮಿಷ ಉಳಿಯಿತು. ಹನ್ನೊಂದು ಒಂಬತ್ತಾಯಿತು. ಇದನ್ನು ಆಟಗಾರರಿಗೆ ಬಿಟ್ಟಿದ್ದರೆ ಯಾವತ್ತೂ ಆಗುತ್ತಿರಲಿಲ್ಲ. ನಾನು ಹೇಳಿದ್ದು ಕ್ಯಾಡಿಗಳಿಗೆ. ನಾಲ್ಕನೇ ಮತ್ತು ಹನ್ನೆರಡನೇ ಗ್ರೀನ್‌ನಲ್ಲಿ ಕೈ ಎತ್ತುವುದು ಕ್ಯಾಡಿಯ ಕೆಲಸ, ಸಾಹೇಬರನ್ನು ಕೇಳಬೇಕಾಗಿಲ್ಲ ಅಂತ ಕ್ಯಾಡಿ ಮಾಸ್ಟರ್ ಮೂಲಕ ಹೇಳಿಸಿದೆ. ಎರಡನೇ ರೌಂಡಿನ ಕೂಲಿ ಕಣ್ಣೆದುರು ಇದ್ದದ್ದಕ್ಕೆ ಅವರು ಒಂದು ಸಲವೂ ಮರೆತಿಲ್ಲ.

ಖರ್ಚಿನ ಮಾತು. ಚೆಂಡು ಬೀಳುವ ಜಾಗ ಟೀಯಿಂದ ಕಾಣದ ಎರಡು ಕುರುಡು ಹೋಲ್‌ಗಳಿಗೆ ಫೋರ್‌ಕ್ಯಾಡಿ, ಅಂದರೆ ಮುಂದೆ ನಿಂತು ಚೆಂಡು ಎಲ್ಲಿ ಬಿತ್ತು ಅಂತ ನೋಡುವವರನ್ನು, ಹಾಕಿದೆವು. ಒಬ್ಬರಿಗೆ ದಿನಕ್ಕೆ ನಾನೂರು, ತಿಂಗಳಿಗೆ ಆರೂವರೆ ಸಾವಿರದ ಆಸುಪಾಸು. ಚೆಂಡು ಹುಡುಕುವ ಸಮಯ 2019ರಲ್ಲೇ ಐದರಿಂದ ಮೂರು ನಿಮಿಷಕ್ಕೆ ಇಳಿದಿದೆ, ಆದರೆ ನಮ್ಮಲ್ಲಿ ಯಾರು ಗಡಿಯಾರ ನೋಡುತ್ತಿದ್ದರು? ಮಳೆಗಾಲದಲ್ಲಿ ರಫ್, ಅಂದರೆ ಆಟದ ಹಾದಿಯಾದ ಫೇರ್‌ವೇ ಪಕ್ಕದ ಉದ್ದ ಹುಲ್ಲು, ಮೊಣಕಾಲು ಮಟ್ಟಕ್ಕೆ ಬೆಳೆಯುತ್ತಿತ್ತು. ಫೇರ್‌ವೇ ಪಕ್ಕದ ಎಂಟು ಹೆಜ್ಜೆಯಷ್ಟನ್ನು ಮಾತ್ರ ವಾರಕ್ಕೆ ಎರಡು ಸಲ ಕತ್ತರಿಸಿ ಅಂದೆ. ಡೀಸೆಲ್, ಕೂಲಿ ಸೇರಿ ಐದಾರು ಸಾವಿರ. ಬಂದ ಲಾಭ ನೋಡಿ: ಹನ್ನೆರಡೂಕಾಲಕ್ಕೆ ಕೋರ್ಸ್ ಖಾಲಿ. 12:30ರಿಂದ ಎರಡು-ಮೂರು ಗುಂಪು ಅತಿಥಿಗಳು ಆಡುತ್ತಾರೆ. ಅವರ ಒಂದು ಭಾನುವಾರದ ಗ್ರೀನ್ ಫೀಯಲ್ಲಿ ತಿಂಗಳ ಫೋರ್‌ಕ್ಯಾಡಿ ಖರ್ಚು ಹುಟ್ಟುತ್ತೆ. ಖಜಾಂಚಿ ಈಗ ನನ್ನ ಪರ.

ನಡುವೆ ಇನ್ನೂ ಕೆಲವು ಮಾಡಿ ನೋಡಿದೆ. ಒಂದು ತಿಂಗಳು ಗ್ರೀನ್‌ಗಳನ್ನು ಸ್ವಲ್ಪ ನಿಧಾನ ಇಡಿಸಿದೆ, ಸ್ಟಿಂಪ್ (ಗ್ರೀನ್ ವೇಗದ ಅಳತೆ) ಹತ್ತರಿಂದ ಎಂಟೂವರೆಗೆ. ಮೂರು ಪಟ್ ಮಾಡುವವರು ಕಡಿಮೆಯಾದರು, ರೌಂಡಿಗೆ ಏಳೆಂಟು ನಿಮಿಷ ಉಳಿಯಿತು. ಸಿಂಗಲ್ ಹ್ಯಾಂಡಿಕ್ಯಾಪ್‌ನವರು, ಅಂದರೆ ಚೆನ್ನಾಗಿ ಆಡುವವರು, ಒಪ್ಪಲಿಲ್ಲ. ಅವರ ಬೇಸರ ನನಗೂ ಅರ್ಥವಾಗುತ್ತೆ. ಈಗ ಒಂಬತ್ತಕ್ಕೆ ರಾಜಿ ಆಗಿದ್ದೇವೆ. ಧ್ವಜ ತೆಗೆಯದೆ ಪಟ್ ಮಾಡುವುದು ಅರ್ಧದಷ್ಟು ಜನಕ್ಕೆ ರೂಢಿಯಾಗಿದೆ. ಮೆಡಲ್ ತಿಂಗಳಿಗೊಂದೇ, ಉಳಿದ ಭಾನುವಾರ ಪ್ರತಿ ಹೋಲಿಗೆ ಪಾಯಿಂಟ್ ಎಣಿಸುವ ಸ್ಟೇಬಲ್‌ಫೋರ್ಡ್. ಪಾಯಿಂಟ್ ಇಲ್ಲ ಅಂದಮೇಲೆ ಚೆಂಡು ಎತ್ತಿ ಜೇಬಿಗೆ.

ಮಸಾಲೆ ದೋಸೆಯ ಕಥೆ ಹೇಳದಿದ್ದರೆ ಆಗೋದಿಲ್ಲ. ಒಂಬತ್ತು ಹೋಲ್ ಆದಮೇಲೆ ತಿಂಡಿಗೆ ನಿಲ್ಲುವ ಹಾಫ್‌ವೇಯಲ್ಲಿ ಇರುವುದು ಒಂದೇ ಹೆಂಚು, ಒಂದು ಸಲಕ್ಕೆ ಮೂರು ದೋಸೆ. ಆಟಗಾರರು ನಾಲ್ಕು ಜನ. ನಾಲ್ಕನೆಯವರ ದೋಸೆಗೆ ಉಳಿದ ಮೂವರು ಕಾಯುತ್ತಾರೆ. ನಾನು ಅಳೆದಾಗ ಹದಿನಾರು ನಿಮಿಷ. ದೋಸೆ ನಿಲ್ಲಿಸಲು ಹೋಗಲಿಲ್ಲ, ಅದು ಆಗುವ ಮಾತಲ್ಲ. ಎಂಟನೇ ಮತ್ತು ಹದಿನೇಳನೇ ಟೀಯಿಂದ ಕ್ಯಾಡಿ ಅಡುಗೆಮನೆಗೆ ಫೋನ್ ಮಾಡಿ ಆರ್ಡರ್ ಹೇಳುತ್ತಾನೆ. ಬರುವಷ್ಟರಲ್ಲಿ ತಟ್ಟೆ ಸಿದ್ಧ. ಚಟ್ನಿ ಜೊತೆ ದೋಸೆ ಮಡಚಿಕೊಂಡು ತಿಂದು, ಕಾಫಿ ಲೋಟ ಕೈಯಲ್ಲಿ ಹಿಡಿದೇ ಟೀಗೆ ಹೋಗುತ್ತಾರೆ. ಎಂಟು ನಿಮಿಷ.

ಟೀ ಶೀಟಿನಲ್ಲಿ ಯಾರನ್ನು ಯಾರ ಹಿಂದೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹ್ಯಾಂಡಿಕ್ಯಾಪ್ ನೋಡಿ ಹಾಕುವುದಿಲ್ಲ ಅಂತ ಹೇಳಬಲ್ಲೆ. ಎರಡು ವರ್ಷದ ನೋಟ್‌ಬುಕ್‌ಗಳಿಂದ ಕಲಿತದ್ದು ಅದು. ಒಮ್ಮೆ ರಜೆಗೆ ಊರಿಗೆ ಹೋದಾಗ ಬೇರೆಯವರು ಶೀಟ್ ಮಾಡಿದರು, ಅಂತರ ಎಲ್ಲ ಅದೇ ಇದ್ದರೂ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯಿತು.

ಈಗ ಮೊದಲ ಗುಂಪಿಗೆ ನಾಲ್ಕು ಗಂಟೆ, ಕೊನೆಯದಕ್ಕೆ ನಾಲ್ಕೂಕಾಲು. ಕೆಲವು ಭಾನುವಾರ ಐದು ನಿಮಿಷ ಆಚೀಚೆ. ನಿಧಾನ ಆಡುವವರು ಈಗಲೂ ಇದ್ದಾರೆ, ಅದೇ ನಾಲ್ಕು ಪ್ರಾಕ್ಟೀಸ್ ಸ್ವಿಂಗ್. ಅವರ ಹಿಂದೆ ಮೂರು ನಿಮಿಷ ಜಾಗ ಇರುವುದರಿಂದ ಅದು ಯಾರಿಗೂ ತಟ್ಟುವುದಿಲ್ಲ.

ಒಂದು ಬಾಕಿ ಇದೆ. ಹದಿಮೂರನೆಯದು ಇನ್ನೂರ ತೊಂಬತ್ತು ಗಜದ ಪಾರ್-4. ಹೊಸ ಹುಡುಗರು ಉದ್ದ ಹೊಡೆತದ ಡ್ರೈವರ್ ಕೋಲು ಹಿಡಿದು ಗ್ರೀನ್ ಖಾಲಿಯಾಗುವವರೆಗೆ ಕಾಯುತ್ತಾರೆ. ಅವರಲ್ಲಿ ಗ್ರೀನ್ ಮುಟ್ಟುವವರು ಹತ್ತಕ್ಕೆ ಒಬ್ಬರು, ಆದರೂ ಕಾಯುತ್ತಾರೆ. ಅಲ್ಲೂ ಕಾಲ್-ಅಪ್ ಮಾಡಿಸೋಣ ಅಂತಿದ್ದೇನೆ, ಆದರೆ ಗ್ರೀನ್ ಪಕ್ಕ ನಿಲ್ಲುವವರಿಗೆ ಮರೆಯಿಲ್ಲ, ಚೆಂಡು ತಾಗುವ ಭಯ. ನಿಮ್ಮ ಕ್ಲಬ್ಬಿನಲ್ಲಿ ಇಂಥ ಹೋಲ್ ಇದ್ದರೆ ಏನು ಮಾಡಿದಿರಿ ಅಂತ ದಯವಿಟ್ಟು ತಿಳಿಸಿ. ಟೀ ಹಿಂದಕ್ಕೆ ಹಾಕಲು ನಮ್ಮಲ್ಲಿ ಜಾಗ ಇಲ್ಲ, ಹಿಂದೆ ಕಾಂಪೌಂಡ್ ಗೋಡೆ.