ಹೊಸ ಪಾರ್ಟ್ಸೇ ಕೈಕೊಟ್ಟರೆ? ಎಂಜಿನ್ ಕಟ್ಟುವ ಮೊದಲು ಹೀಗೆ ನೋಡಿ

ಆನಗೋಡು ದಾಟಿ ಸ್ವಲ್ಪ ದೂರ ಹೋಗಿದ್ದೆವು, ಅಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲಿನ ಗೆರೆ ಮುಟ್ಟಿತು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ ಮೇಲೆ ನಮ್ಮ ಹಳೇ ಓಮ್ನಿಯ ಮೊದಲ ದೂರದ ಓಡಾಟ ಅದು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ, 60 ಕಿ.ಮೀ. ದಾರಿ. ಗಾಡಿ ಸೈಡಿಗೆ ಹಾಕಿ, ಎಂಜಿನ್ ಆರಿಸಿ, ಅದು ತಣ್ಣಗಾಗುವವರೆಗೆ ಬೇವಿನ ಮರದ ಕೆಳಗೆ ಕೂತೆವು.

ಆಮೇಲೆ ಎರಡು ವಾರ ಹುಡುಕಾಟ. ರೇಡಿಯೇಟರ್ ಬಿಚ್ಚಿ ತೊಳೆಸಿದೆವು. ಹೆಡ್ ಪ್ಯಾಕಿಂಗ್ (ಎಂಜಿನ್ನಿನ ಮೇಲಿನ ಹೆಡ್ಡಿಗೂ ಬ್ಲಾಕಿಗೂ ನಡುವಿನದು) ಹೋಗಿರಬೇಕು ಅಂತ ಹೆಡ್ ಮತ್ತೆ ಇಳಿಸಿದೆವು. ಎಲ್ಲ ಸರಿಯಾಗಿಯೇ ಇತ್ತು. ಉಳಿದದ್ದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಸಣ್ಣ ಬಾಗಿಲು. ‘ಥರ್ಮೋಸ್ಟಾಟ್ ಒಂದ್ಸಲ ನೋಡೋಣವಾ?’ ಎಂದರೆ ಮೇಸ್ತ್ರಿ, ‘ಅದು ಹೊಸದು ಹಾಕೀವಲ್ಲ ಸರ್’ ಎಂದರು. ನಾನೂ ಹೌದಲ್ವಾ ಅಂದುಕೊಂಡು ಸುಮ್ಮನಾದೆ. ಕೊನೆಗೆ ಸಿಕ್ಕ ದೋಷ ಆ ಹೊಸ ಥರ್ಮೋಸ್ಟಾಟಿನಲ್ಲೇ ಇತ್ತು.

ಮೇಸ್ತ್ರಿಯ ಕೈಯಲ್ಲಿ ತಪ್ಪಿರಲಿಲ್ಲ. ಹೊಸದು ಅಂದರೆ ಒಳ್ಳೆಯದು ಎಂದು ನಾವಿಬ್ಬರೂ ನಂಬಿದ್ದೇ ತಪ್ಪು. ಒಂದೇ ಒಂದು ಕೆಟ್ಟ ಭಾಗಕ್ಕೆ ಎಂಜಿನ್ ಎರಡನೇ ಸಲ ಬಿಚ್ಚಿದರೆ ಕೂಲಿ, ಪ್ಯಾಕಿಂಗ್, ಆಯಿಲ್, ಕೂಲಂಟ್ ಎಲ್ಲಕ್ಕೂ ಮತ್ತೆ ದುಡ್ಡು. ಒಂದು ದಿನ ಜಾಸ್ತಿ ಹಿಡಿದರೂ ಪರವಾಗಿಲ್ಲ, ಪ್ರತಿ ಭಾಗವನ್ನೂ ಹಾಕುವ ಮೊದಲೇ ನೋಡಿಬಿಡಿ.

ಅಂಗಡಿಯಲ್ಲೇ ಶುರು ಮಾಡಿ

ಹಳೇ ಭಾಗವನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಕೌಂಟರ್ ಮೇಲೆ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತೂತುಗಳ ಜಾಗ, ಹಲ್ಲಿನ ಲೆಕ್ಕ, ಎತ್ತರ ಇವೆಲ್ಲ ಕಣ್ಣಿಗೇ ಕಾಣುತ್ತವೆ. ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಪಾರ್ಟ್ ನಂಬರ್ ಬರೆಸಿ. ಪಾರ್ಟ್ಸ್ ಇಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುತ್ತಿದ್ದರೆ ಬಿಲ್ ಇನ್ನೂ ಮುಖ್ಯ. ದೋಷ ಇದ್ದರೆ ಎಷ್ಟು ದಿನದೊಳಗೆ ವಾಪಸ್ ತಗೋತೀರಿ ಎಂದು ಆಗಲೇ ಕೇಳಿಬಿಡಿ. ‘ಫಿಟ್ ಮಾಡಿದ ಮೇಲೆ ವಾಪಸ್ ಇಲ್ಲ’ ಎನ್ನುವುದು ಹೆಚ್ಚಿನ ಅಂಗಡಿಗಳ ಮಾತು. ಹಾಕುವ ಮೊದಲು ಪರೀಕ್ಷೆ ಮಾಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಪೆಟ್ಟಿಗೆ ಒಡೆಯುವಾಗ ಫೋಟೊ ತೆಗೆಯಿರಿ. ಲೇಬಲ್, ಬ್ಯಾಚ್ ನಂಬರ್ ಸರಿಯಾಗಿ ಕಾಣಬೇಕು. ಪೆಟ್ಟಿಗೆ ಎಸೆಯಬೇಡಿ.

ಪಿಸ್ಟನ್ ಮೊದಲು, ಬೋರ್ ಆಮೇಲೆ

ಹಲವರು ತಪ್ಪುವುದು ಇಲ್ಲೇ. ಎಂಜಿನ್ ಬ್ಲಾಕನ್ನು ಲೇತ್ ಶಾಪಿಗೆ ಕೊಟ್ಟು ಬೋರ್ ಹೊಡೆಸಿ (ಪಿಸ್ಟನ್ ಓಡಾಡುವ ತೂತನ್ನು ಕೊರೆದು ದೊಡ್ಡದು ಮಾಡಿಸಿ), ಆಮೇಲೆ ಪಿಸ್ಟನ್ ತರುತ್ತಾರೆ. ಇದು ಉಲ್ಟಾ ಆಗಬೇಕು. ಪಿಸ್ಟನ್ ಸೆಟ್ ಕೈಗೆ ಬರಲಿ, ಪ್ರತಿಯೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆಯಲಿ, ಆ ಅಳತೆಗೆ ಬೋರ್ ಹೊಡೆಯಲಿ. ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎನ್ನುವುದು ಲೆಕ್ಕಕ್ಕಿಲ್ಲ.

ನಮ್ಮ ಓಮ್ನಿಯದು 796 ಸಿಸಿ, ಮೂರು ಸಿಲಿಂಡರ್. ಮೂಲ ಬೋರ್ 68.5 ಮಿ.ಮೀ. 0.50 ಓವರ್‌ಸೈಜ್ (ಅರ್ಧ ಮಿ.ಮೀ. ದೊಡ್ಡ ಪಿಸ್ಟನ್) ಹಾಕಿದರೆ 69. ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಡುವ ಸಂದು ಇಂಥ ಸಣ್ಣ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 0.02ರಿಂದ 0.04 ಮಿ.ಮೀ. ತಲೆಗೂದಲಿನ ಅರ್ಧ ದಪ್ಪ ಅಂದುಕೊಳ್ಳಿ. ಪಿಸ್ಟನ್ ಪೂರ್ತಿ ಗುಂಡಗಿರುವುದಿಲ್ಲ. ಅದಕ್ಕೇ ಪಿನ್ನಿಗೆ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಕಡ್ಡಿ) ಅಡ್ಡಲಾಗಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗ) ಮೇಲೆ, ಮ್ಯಾನುಯಲ್ ಹೇಳಿದ ಎತ್ತರದಲ್ಲೇ ಅಳೆಯಬೇಕು.

ಇಲ್ಲಿ ನಮ್ಮೂರಿನ ಬಿಸಿಲಿನ ಮಾತೂ ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಪಿಸ್ಟನ್ನನ್ನು ಗಾಡಿಯ ಡ್ಯಾಶ್‌ಬೋರ್ಡ್ ಮೇಲಿಟ್ಟು ತಂದು ತಕ್ಷಣ ಅಳೆದರೆ ಅಳತೆ ಸುಳ್ಳು ಹೇಳುತ್ತದೆ. 69 ಮಿ.ಮೀ. ಅಲ್ಯುಮಿನಿಯಂ ಪಿಸ್ಟನ್ 20 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಅಂದರೆ ಬಿಡಬೇಕಾದ ಸಂದಿನಷ್ಟೇ! ಪಿಸ್ಟನ್, ಬ್ಲಾಕ್, ಅಳತೆಯ ಸಾಮಾನು ಮೂರೂ ರಾತ್ರಿಯೆಲ್ಲ ಒಂದೇ ನೆರಳಲ್ಲಿ ಇರಲಿ. ಬೆಳಿಗ್ಗೆ ಅಳೆಯಿರಿ. ಸರಿ ಬರಲಿಲ್ಲವಾ? ಇನ್ನೊಂದು ಮೈಕ್ರೋಮೀಟರ್ ತಂದು ಮತ್ತೆ ಅಳೆಯಿರಿ. ಪಿಸ್ಟನ್ ಕೆಟ್ಟದ್ದು ಅನ್ನುವ ಮೊದಲು ನಮ್ಮ ಅಳತೆಯ ಮೇಲೇ ಒಮ್ಮೆ ಅನುಮಾನ ಪಡಬೇಕು. ಅಂಗಡಿಯವರಿಗೂ ಅದೇ ನ್ಯಾಯ.

ಮೂರೂ ಪಿಸ್ಟನ್ ತೂಕ ಮಾಡಿಸಿ. ಬಂಗಾರದ ಅಂಗಡಿಯ ತಕ್ಕಡಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಮಾತ್ರ ಎದ್ದು ಕಾಣುವಷ್ಟು ಭಾರ ಇದ್ದರೆ ಅದು ಬೇರೆ ಸೆಟ್ಟಿನದು ಸೇರಿರಬಹುದು.

ರಿಂಗ್ ಕತೆ ಹೇಳುತ್ತದೆ

ಪಿಸ್ಟನ್ನಿನ ಸುತ್ತ ಕೂರುವ ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ನಿಧಾನ ಕೆಳಗೆ ತಳ್ಳಿ. ಹೀಗೆ ಮಾಡಿದರೆ ರಿಂಗ್ ಓರೆಯಾಗದೆ ನೇರ ಕೂರುತ್ತದೆ. ಈಗ ಅದರ ಎರಡು ತುದಿಗಳ ನಡುವಿನ ಗ್ಯಾಪಿನೊಳಗೆ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ತಗಡುಗಳ ಅಳತೆಯ ಸಾಮಾನು) ಹಾಕಿ. ಈ ಅಳತೆಯ ಎಂಜಿನ್ನಿಗೆ ಮೇಲಿನ ರಿಂಗಿನ ಗ್ಯಾಪ್ ಸುಮಾರು 0.20ರಿಂದ 0.35 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಗ್ಯಾಪ್ ಕಮ್ಮಿ ಇದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಗುದ್ದುತ್ತವೆ. ರಿಂಗ್ ಮುರಿದು ಹೊಸ ಬೋರಿಗೆ ಗೀರು ಬೀಳುತ್ತದೆ. ಕಮ್ಮಿ ಗ್ಯಾಪನ್ನು ಸಣ್ಣ ಅರದಿಂದ ಉಜ್ಜಿ ಸರಿ ಮಾಡಬಹುದು. ಜಾಸ್ತಿಯಾದರೆ ದಾರಿ ಇಲ್ಲ, ವಾಪಸ್ಸೇ.

ಗ್ಯಾಪ್ ಎಷ್ಟು ಜಾಸ್ತಿ ಎನ್ನುವುದನ್ನೂ ಗಮನಿಸಿ. ಒಂದೂವರೆ ಮಿ.ಮೀ.ಗಿಂತ ಹೆಚ್ಚು ಬಂದರೆ ಪೆಟ್ಟಿಗೆಯ ಮೇಲೆ 0.50 ಎಂದು ಬರೆದು ಒಳಗೆ ಸ್ಟ್ಯಾಂಡರ್ಡ್ (ಮೂಲ ಅಳತೆಯ) ರಿಂಗ್ ತುಂಬಿರುವ ಸಾಧ್ಯತೆ ಹೆಚ್ಚು. ಬೋರ್ 0.50 ದೊಡ್ಡದಾದರೆ ಅದರ ಸುತ್ತಳತೆ 1.57 ಮಿ.ಮೀ. ಹೆಚ್ಚುತ್ತದೆ, ಅಷ್ಟೂ ಗ್ಯಾಪಿಗೇ ಬರುತ್ತದೆ. ಈ ಲೆಕ್ಕ ತೋರಿಸಿದರೆ ಅಂಗಡಿಯವರು ವಾದ ಮಾಡುವುದಿಲ್ಲ.

ಬೇರಿಂಗ್, ವಾಲ್ವ್, ಸೀಲ್

ಕ್ರ್ಯಾಂಕ್ ಶಾಫ್ಟ್ ತಿರುಗುವ ಜಾಗದಲ್ಲಿ ಕೂರುವ, ಅರ್ಧ ಬಳೆಯಂಥ ಬೇರಿಂಗ್ ಶೆಲ್ಲಿನ ಬೆನ್ನ ಮೇಲೆ ಸೈಜ್ ಒತ್ತಿರುತ್ತದೆ. ಎಲ್ಲ ಶೆಲ್ಲಿನ ಮೇಲೂ ಅದೇ ಇದೆಯಾ ನೋಡಿ. ಆಯಿಲ್ ತೂತು ಬ್ಲಾಕಿನ ತೂತಿಗೆ ಸರಿ ಕೂರಬೇಕು. ಸಂದು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆ ಸಿಗುತ್ತದೆ. ಕ್ರ್ಯಾಂಕಿನ ಮೇಲಿಟ್ಟು, ಕ್ಯಾಪನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿದು, ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಅದರ ಜೊತೆ ಬರುವ ಪಟ್ಟಿಗೆ ಹೋಲಿಸಿದರೆ ಆಯಿತು. ಎಳೆ ಒಳಗಿರುವಾಗ ಕ್ರ್ಯಾಂಕ್ ತಿರುಗಿಸಬೇಡಿ.

ವಾಲ್ವ್ ಸ್ಪ್ರಿಂಗುಗಳನ್ನು ದಪ್ಪ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ. ಕುಳ್ಳಗಿರುವುದು ಕಂಡುಬಿಡುತ್ತದೆ. ಪಕ್ಕಕ್ಕೆ ಬಡಗಿಯ ಮೂಲೆಮಟ್ಟ ಹಿಡಿದರೆ ಓರೆ ಇರುವುದೂ ಗೊತ್ತಾಗುತ್ತದೆ. ವಾಲ್ವನ್ನು ಅದೇ ಗಾಜಿನ ಮೇಲೆ, ತಲೆ ಅಂಚಿನಿಂದಾಚೆ ಇರುವಂತೆ ಉರುಳಿಸಿ, ಕಾಂಡ ಬಾಗಿದ್ದರೆ ಕುಂಟುತ್ತದೆ. ಆಯಿಲ್ ಸೀಲಿನ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತು ರಬ್ಬರ್ ಗಟ್ಟಿಯಾಗಿರಬಹುದು.

ಥರ್ಮೋಸ್ಟಾಟಿಗೆ ಒಂದು ಪಾತ್ರೆ ನೀರು ಸಾಕು

ನಾವು ಇದನ್ನು ತಡವಾಗಿ ಮಾಡಿದೆವು, ನೀವು ಮೊದಲೇ ಮಾಡಿ. ಥರ್ಮೋಸ್ಟಾಟ್ ಮೇಲೆ 82 ಅಥವಾ 88 ಹೀಗೆ ಡಿಗ್ರಿ ಒತ್ತಿರುತ್ತದೆ. ಬಾಗಿಲು ತೆರೆಯಲು ಶುರುವಾಗುವ ಬಿಸಿ ಅದು. ದಾರಕ್ಕೆ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಲ್ಲಿ ಇಳಿಬಿಡಿ. ಪಕ್ಕದಲ್ಲಿ 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್ ಇರಲಿ, ಜ್ವರ ನೋಡುವುದಲ್ಲ.

ಅವತ್ತು ನಮ್ಮ ಅಡುಗೆಮನೆಯಲ್ಲಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಇಳಿಸಿದೆ. 82 ದಾಟುತ್ತಿದ್ದಂತೆ ಹಳೆಯದರ ಹಿತ್ತಾಳೆ ಬಾಗಿಲು ಮೆಲ್ಲಗೆ ಎದ್ದಿತು, ಅಂಚಿನಿಂದ ಸಣ್ಣ ಗುಳ್ಳೆಗಳು ಬಂದವು. ಹೊಸದು ಅಲ್ಲಾಡಲಿಲ್ಲ. ನೀರು ಕೊತಕೊತ ಕುದಿಯಿತು, ಆದರೂ ಅದು ಬಿಗಿದ ಬಾಯಿ ಬಿಚ್ಚಲೇ ಇಲ್ಲ. ಎರಡು ವಾರದ ಸಂಕಟಕ್ಕೆ ಉತ್ತರ ಆ ಪಾತ್ರೆಯಲ್ಲಿತ್ತು.

ದೋಷ ಸಿಕ್ಕಿತು, ಮುಂದೇನು?

ಉಜ್ಜಬೇಡಿ, ಬಡಿಯಬೇಡಿ, ‘ಹೆಂಗೋ ಕೂರುತ್ತೆ’ ಎಂದು ಹಾಕಿಬಿಡಬೇಡಿ. ರಿಂಗ್ ಗ್ಯಾಪಿನಂತೆ ಮ್ಯಾನುಯಲ್ಲೇ ಒಪ್ಪುವ ಕೆಲಸ ಬೇರೆ. ಅಳತೆಯ ಸಾಮಾನಿನ ಜೊತೆ ಭಾಗದ ಫೋಟೊ ತೆಗೆಯಿರಿ. ಥರ್ಮೋಸ್ಟಾಟಿನಂಥದ್ದಾದರೆ ವಿಡಿಯೊ ಮಾಡಿ. ಸಿಕ್ಕ ಅಳತೆ, ಇರಬೇಕಾದ ಅಳತೆ, ತಾರೀಖು ಮೂರನ್ನೂ ವಾಟ್ಸ್ಆ್ಯಪ್‌ನಲ್ಲಿ ಅಂಗಡಿಗೆ ಕಳಿಸಿ, ಆಮೇಲೆ ಭಾಗ ಹಿಡಿದು ಹೋಗಿ. ಬದಲಿ ಕೊಟ್ಟರೆ ಬ್ಯಾಚ್ ನಂಬರ್ ನೋಡಿ. ಅದೇ ಬ್ಯಾಚ್ ಆದರೆ ಅದೇ ದೋಷ ಇರಬಹುದು. ಬದಲಿಯನ್ನೂ ಮೊದಲಿನಿಂದ ಪರೀಕ್ಷೆ ಮಾಡಿ.

ಈಗಾಗಲೇ ಹಾಕಿ ಓಡಿಸಿಬಿಟ್ಟಿದ್ದರೆ ಗಾಡಿ ತಕ್ಷಣ ನಿಲ್ಲಿಸಿ. ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ, ಲೋಹದ ಪುಡಿ ಇದೆಯಾ ನೋಡಿಸಿ. ಮತ್ತೆ ಬಿಚ್ಚಿ ಕಟ್ಟುವ ಕೂಲಿ ಯಾರದು ಎಂಬ ಜಗಳ ಬರುವುದು ಈ ಹಂತದಲ್ಲೇ. ಪಾರ್ಟ್ಸ್ ಗ್ಯಾರೇಜಿನವರೇ ತರುವುದಾದರೆ ಕೂಲಿಯ ಮಾತನ್ನು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಿ.

ಅಂಗಡಿಯವರು ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಂತೆ ದೋಷ ಕಂಡು ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಂಡ ಮಾಲಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಆಯೋಗ ಬೇಕೆನಿಸಿದರೆ ಭಾಗವನ್ನು ಲ್ಯಾಬಿಗೆ ಕಳಿಸಬಹುದು. ಹಾಗಾಗಿ ಕೆಟ್ಟ ಭಾಗವನ್ನು ಪೆಟ್ಟಿಗೆ, ಬಿಲ್ ಸಮೇತ ಹಾಗೇ ಇಟ್ಟುಕೊಳ್ಳಿ.

ಹಳೇ ಭಾಗಗಳನ್ನು ಗುಜರಿಗೆ ಹಾಕಲು ಅವಸರ ಬೇಡ. ನಮ್ಮ ಓಮ್ನಿಯವು ಸಾವಿರ ಕಿ.ಮೀ. ಓಡಿ ಮೊದಲ ಆಯಿಲ್ ಬದಲಾಗುವವರೆಗೂ ಅಕ್ಕಿ ಚೀಲದಲ್ಲಿ ಕಟ್ಟಿಕೊಂಡು ಮಂಚದ ಕೆಳಗೇ ಇದ್ದವು. ಹಳೇ ಥರ್ಮೋಸ್ಟಾಟ್ ಮಾತ್ರ ಆ ಚೀಲದಲ್ಲಿರಲಿಲ್ಲ. ಬದಲಿ ಬರುವವರೆಗೆ ಅದನ್ನೇ ತೊಳೆದು ಎಂಜಿನ್ನಿಗೆ ಹಾಕಿದ್ದೆವು.